ಕೊಳವೆಗೆ ಇನ್ನೊಂದು ಗೇಣು

ಮೂವತ್ತೊಂದು ವರ್ಷದಿಂದ ಈ ಊರಿನ ಕೊಳವೆ ಅಳೆಯುವ ಕೆಲಸ ನನ್ನದು. ಸಾಕಾಗಿ ಹೋಗಿದೆ. ಬೆಳಿಗ್ಗೆ ಎದ್ದರೆ ಹೆಗಲ ಮೇಲೆ ಏಣಿ, ಸೊಂಟದಲ್ಲಿ ಅಳತೆಯ ದಾರ, ಜೋಳಿಗೆಯಲ್ಲಿ ಗೇಣುದ್ದದ ಬಿದಿರಿನ ತುಂಡುಗಳು, ಒಂದು ಉಂಡೆ ಮೇಣ. ಜಲಜಾಕ್ಷಿ ಎಂದು ಅಪ್ಪ ಅಷ್ಟು ಚೆಂದದ ಹೆಸರಿಟ್ಟಿದ್ದರು, ಜನ ಅದನ್ನು ಅಳತೆ ಜಲಜಮ್ಮ ಮಾಡಿ ಇಟ್ಟಿದ್ದಾರೆ. ಕೆಳಬೀದಿಯಲ್ಲಿ ಯಾರಿಗೆ ಉಸಿರು ಸಾಲದೆ ಬಂದರೂ ನನಗೆ ಬುಲಾವ್. ನಾನು ಅವರ ಛಾವಣಿ ಹತ್ತಿ, ಕೊಳವೆಯ ತುದಿಗೆ ಒಂದು ಗೇಣು ಸೇರಿಸಿ, ಸಂದಿಗೆ ಮೇಣ ಮೆತ್ತಿ ಇಳಿಯುತ್ತೇನೆ. ಎರಡು ದಿನ ಹಗುರಾಯಿತು ಅನ್ನುತ್ತಾರೆ. ಮೂರು ತಿಂಗಳಿಗೆ ಮತ್ತೆ ಕರೆಯುತ್ತಾರೆ.

ಕೆಳಬೀದಿಯಲ್ಲಿ ಭಾರದ ಗಾಳಿ ಸೂರಿನಂಚಿನವರೆಗೆ ನಿಂತಿದೆ. ಅಜ್ಜಿಯ ಕಾಲದಲ್ಲಿ ಮಂಡಿಮಟ್ಟ ಇತ್ತಂತೆ, ಅಮ್ಮನ ಕಾಲಕ್ಕೆ ಎದೆಮಟ್ಟ. ಈಗ ನಾವು ಅದರ ತಳದಲ್ಲಿ ಕೂತು ಉಣ್ಣುತ್ತೇವೆ, ಮಲಗುತ್ತೇವೆ, ಬಾವಿಯಿಂದ ನೀರು ಸೇದುತ್ತೇವೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಚರ್ಮದ ಬಟ್ಟಲು, ಬಟ್ಟಲಿನಿಂದ ಛಾವಣಿ ತೂರಿಕೊಂಡು ಮೇಲೆ ಹೋಗುವ ಬಿದಿರಿನ ಕೊಳವೆ, ಮನೆಯಲ್ಲಿ ತಲೆಗೊಂದು. ಹೊರಗೆ ಹೋಗುವಾಗ ಬೆನ್ನಿಗೆ ಕಟ್ಟಿಕೊಳ್ಳುವುದು ಬೇರೆ. ಅದಕ್ಕೇ ನಮ್ಮ ಬಾಗಿಲುಗಳಿಗೆ ಮೇಲುಪಟ್ಟಿ ಇರುವುದಿಲ್ಲ. ಇಲ್ಲಿ ಬೆಂಕಿ ಹತ್ತುವುದಿಲ್ಲವಾದ್ದರಿಂದ ಎಲ್ಲರ ಒಲೆಯೂ ಮೇಲುಬೀದಿಗೆ ಹೋಗುವ ಮೆಟ್ಟಿಲ ಸಾಲಿನಲ್ಲಿ, ಐವತ್ತನೇ ಮೆಟ್ಟಿಲ ಪಕ್ಕದ ಜಗಲಿಯ ಮೇಲೆ. ಅನ್ನ ಸಾರು ಹೊತ್ತು ತರುವಷ್ಟರಲ್ಲಿ ಆರಿ ತಣ್ಣಗಾಗಿರುತ್ತದೆ. ಉಣ್ಣುವಾಗ ಉಸಿರು ಕಟ್ಟಿ, ಬಟ್ಟಲು ಸರಿಸಿ, ತುತ್ತು ಇಟ್ಟುಕೊಂಡು, ಮತ್ತೆ ಮುಚ್ಚಿಕೊಂಡು ಅಗಿಯಬೇಕು. ಮಾತಾಡಿದರೆ ಮಾತು ಕೊಳವೆ ಹತ್ತಿ ಛಾವಣಿಯ ಮೇಲೆ ಕೇಳಿಸುತ್ತದೆ. ಗಂಡ ಹೆಂಡತಿಗೆ ಪಿಸುಗುಟ್ಟಿದ್ದು ಹೆಂಡತಿಗಿಂತ ಮೊದಲು ಪಕ್ಕದ ಮನೆಗೆ ಗೊತ್ತಾಗುತ್ತದೆ.

ಕಟ್ಟಳೆ ಅಂತ ಇರುವುದು ಒಂದೇ. ಎಳೆದ ಉಸಿರನ್ನು ಎಳೆದ ಕೊಳವೆಯಲ್ಲೇ ವಾಪಸ್ ಕಳಿಸಬೇಕು. ಮೇಲೆ ಬಿಟ್ಟದ್ದನ್ನು ಬೀಸುಗಾಳಿ ಒಯ್ಯುತ್ತದೆ. ಬಟ್ಟಲು ಎತ್ತಿ ಬೀದಿಯೊಳಕ್ಕೆ ಬಿಟ್ಟದ್ದು ಎಲ್ಲಿಗೂ ಹೋಗದೆ ಇಲ್ಲೇ ಕೂರುತ್ತದೆ, ಭಾರದ ಗಾಳಿ ವರ್ಷ ವರ್ಷ ಏರುತ್ತಿರುವುದೇ ಹೀಗೆ ಕದ್ದು ಬಿಟ್ಟ ಉಸಿರಿನಿಂದ ಎಂದು ಮೇಲುಬೀದಿಯ ಕಮಿಟಿಯವರು ಹೇಳುತ್ತಾರೆ. ಹಾಗೆ ಬಿಟ್ಟದ್ದು ಗೊತ್ತಾದರೆ ಆ ಮನೆಯವರು ಊರು ಬಿಡಬೇಕು. ನನ್ನ ಕಾಲದಲ್ಲೇ ಎರಡು ಮನೆ ಖಾಲಿಯಾಗಿವೆ. ಎರಡೂ ಮನೆಯ ಕೊಳವೆ ಕಿತ್ತವಳು ನಾನೇ.

ಬೇಗ ಬೇಗ ಉಸಿರಾಡುವುದು ಇಲ್ಲಿ ಆಗದ ಮಾತು. ಆಡಿದವರು ಕಣ್ಣುಕತ್ತಲೆ ಬಂದು ಬೀಳುತ್ತಾರೆ. ಯಾಕೆ ಬೀಳುತ್ತಾರೆ ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಕ್ಕಳನ್ನು ಹನ್ನೆರಡು ತುಂಬುವವರೆಗೆ ಮೇಲುಬೀದಿಯ ನೆಂಟರ ಮನೆಯಲ್ಲಿ ಬಿಡುತ್ತೇವೆ. ಹನ್ನೆರಡಕ್ಕೆ ಇಳಿದು ಬಂದವರಿಗೆ ನಾನು ಪಾಠ ಹೇಳುತ್ತೇನೆ: ಎಳೆ, ನಿಲ್ಲಿಸು, ಬಿಡು. ಹೊಟ್ಟೆಯ ತಳದಿಂದ ಎಳೆಯಬೇಕು, ನಾಲ್ಕು ಎಣಿಸುವ ತನಕ ನಿಲ್ಲಿಸಬೇಕು, ಆಮೇಲೆ ನಿಧಾನ ಬಿಡಬೇಕು. ಕೆಳಬೀದಿಯವರದು ಸೇರು ತುಂಬುವ ಉಸಿರು, ಸೇರು ಉಸಿರು, ಅಂತ ಒಂದು ಜಂಬ ಉಂಟು. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೋ ಎಂದು ಕೇಳುವ ಮೊದಲು ಹುಡುಗಿ ನಿಮಿಷಕ್ಕೆ ಎಷ್ಟು ಉಸಿರಾಡುತ್ತಾಳೆ ಎಂದು ಕೇಳುತ್ತಾರೆ. ಆರು ಅಂದರೆ ಅಲ್ಲೇ ತಾಂಬೂಲ. ಜಗಳಗಳೂ ಹಾಗೇ. ಬಾವಿಕಟ್ಟೆಯ ಹತ್ತಿರ ಇಬ್ಬರು ಜಗಳವಾಡುತ್ತಿದ್ದರೆ ಒಬ್ಬಳು ಬೈಗುಳ ಅರ್ಧಕ್ಕೆ ಬಿಟ್ಟು ಉಸಿರು ಎಳೆದುಕೊಳ್ಳುತ್ತಾಳೆ, ಇನ್ನೊಬ್ಬಳು ಅಲ್ಲಿಯವರೆಗೆ ಕಾಯುತ್ತಾಳೆ. ಇಷ್ಟು ಮರ್ಯಾದೆಯ ಜಗಳ ಬೇರೆ ಎಲ್ಲೂ ಇರಲಾರದು.

ಅಳುವುದು ಮಾತ್ರ ಇಲ್ಲಿ ಸಾಧ್ಯವಿಲ್ಲ. ಅಳು ಅಂದರೆ ಬಿಕ್ಕು, ಬಿಕ್ಕು ಅಂದರೆ ಗಿಡ್ಡ ಉಸಿರು. ಅದಕ್ಕೇ ಹಿರಿಯರು ಗುಡ್ಡದ ನೆತ್ತಿಯಲ್ಲಿ, ಇನ್ನೂರ ಹನ್ನೆರಡನೇ ಮೆಟ್ಟಿಲಿನಾಚೆ, ಒಂದು ಅಳುವ ಕಟ್ಟೆ ಕಟ್ಟಿಸಿದ್ದಾರೆ. ಅನ್ನ ಬೇಯುವ ಜಗಲಿಯ ಹತ್ತಿರ ಅಳಬಾರದಂತೆ. ಮನೆಯಲ್ಲಿ ಸಾವಾದರೆ ಎಲ್ಲರೂ ಗಂಭೀರವಾಗಿ, ಎಣಿಸಿ ಉಸಿರಾಡುತ್ತಾ ಅಷ್ಟೂ ಮೆಟ್ಟಿಲು ಹತ್ತಿ, ಬಟ್ಟಲು ಬಿಚ್ಚಿ ಪಕ್ಕಕ್ಕಿಟ್ಟು, ಬಾಯಿ ತೆರೆದು ಅಳುತ್ತಾರೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಇಳಿಯುತ್ತಾರೆ. ಎಷ್ಟೋ ಸಲ ಅಷ್ಟು ಮೇಲೆ ಹೋಗುವಷ್ಟರಲ್ಲಿ ಅಳು ಇಂಗಿ ಹೋಗಿ ಬರೀ ಮಂಡಿನೋವು ಉಳಿದಿರುತ್ತದೆ.

ನನ್ನ ಅಕ್ಕ ಅಂಬುಜಾಕ್ಷಿ ಆ ಕಟ್ಟೆ ಹತ್ತಲಿಲ್ಲ.

ಭಾವ ತೀರಿಕೊಂಡು ಒಂದು ತಿಂಗಳಾಗಿತ್ತು. ಕೆಂಪರಾಜು ಅಂತ ಅವರ ಹೆಸರು. ಹಾಸಿಗೆ ಹೊಲಿಯುತ್ತಿದ್ದರು, ದಿನವಿಡೀ ಹತ್ತಿಯ ನಡುವೆ. ಹತ್ತಿಯ ಧೂಳು ಎದೆಗಿಳಿಯಿತು ಅಂತ ಊರು ಹೇಳಿತು, ನಾವೂ ಹೂಂ ಅಂದೆವು. ಅಕ್ಕನ ಎರಡೂ ಮಂಡಿ ಊದಿಕೊಂಡು ವರ್ಷವಾಗಿದೆ. ಭಾವನನ್ನು ಗುಡ್ಡಕ್ಕೆ ಒಯ್ಯುವ ದಿನ ಅಕ್ಕನನ್ನೂ ಕುರ್ಚಿಯಲ್ಲಿ ಕೂರಿಸಿ ಹೊರೋಣ ಅಂತ ನಾನು ಕೇಳಿದೆ. ಹೊರುವ ನಾಲ್ಕು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊಳವೆ ಹಾಕಿಕೊಂಡು ಆ ಮೆಟ್ಟಿಲು ಹತ್ತಲು ಅವರಿಗೆ ಇದ್ದದ್ದು ಒಂದು ಹೊರೆಯ ಉಸಿರು, ಆ ಹೊರೆ ಭಾವ ಆಗಿದ್ದರು. ಅಕ್ಕನೇ, "ಹೋಗಿ ಬನ್ನಿ, ಹೊತ್ತಾಗುತ್ತೆ" ಎಂದಳು. ನಾನು ಮೇಲೆ ಹೋಗಿ ಅವಳ ಪಾಲಿನದನ್ನೂ ಸೇರಿಸಿ ಅತ್ತು ಬಂದೆ. ಬಂದಾಗ ಅಕ್ಕ ಕೂತಲ್ಲೇ ಕೂತಿದ್ದಳು, ಭಾವನ ಸೂಜಿಗಳನ್ನು ದೊಡ್ಡದು ಚಿಕ್ಕದು ಬೇರೆ ಮಾಡಿ ಬಟ್ಟೆಗೆ ಚುಚ್ಚಿಡುತ್ತಿದ್ದಳು.

ಅಲ್ಲಿಂದ ಅವಳ ಉಸಿರು ಗಿಡ್ಡವಾಗುತ್ತಾ ಬಂತು. ಅಳುವನ್ನು ಒಳಗೆ ಹಿಡಿದಿಟ್ಟುಕೊಂಡವರ ಎದೆ ಪೂರ್ತಿ ಬಿಚ್ಚುವುದಿಲ್ಲ, ಅದು ನನಗೂ ಗೊತ್ತು. ಎಂಟೇ ದಿನಕ್ಕೆ, "ಜಲಜ, ಉಸಿರು ಸಾಲ್ತಿಲ್ಲ ಕಣೇ" ಎಂದಳು. ಏಣಿ ಇಟ್ಟು ಒಂದು ಗೇಣು ಸೇರಿಸಿದೆ. ಮತ್ತೆ ಎಂಟು ದಿನಕ್ಕೆ ಇನ್ನೊಂದು. ತಿಂಗಳು ತುಂಬುವಷ್ಟರಲ್ಲಿ ಮೂರನೆಯದು. ಆರು ಗೇಣಿನ ಕೊಳವೆ ಒಂಬತ್ತಾಯಿತು. ಅಕ್ಕನ ತುಟಿ ನೇರಳೆ ಬಣ್ಣಕ್ಕೆ ತಿರುಗಿತು, ಮಾತಿನ ಮಧ್ಯೆ ತೂಕಡಿಸಲು ಶುರು ಮಾಡಿದಳು. ನಿಮಿಷಕ್ಕೆ ಆರು ಉಸಿರಾಡುತ್ತಿದ್ದವಳು ಹದಿನೆಂಟು, ಇಪ್ಪತ್ತು ಆಡುತ್ತಿದ್ದಳು. ಇವಳೂ ಹೋಗುತ್ತಾಳೆ ಅಂತ ನನಗೆ ಗಟ್ಟಿಯಾಯಿತು. ನನಗೆ ಗಂಡ ಮಕ್ಕಳು ಅಂತ ಯಾರೂ ಇಲ್ಲ, ಇರುವುದೂ ಅಕ್ಕನ ಮನೆಯಲ್ಲೇ. ಅಕ್ಕ ಇಲ್ಲದ ಆ ಮನೆಯನ್ನು ನೆನೆಸಿಕೊಂಡು ರಾತ್ರಿ ಎದ್ದೆದ್ದು ಅವಳ ಉಸಿರು ಎಣಿಸುತ್ತಿದ್ದೆ.

ನಮ್ಮಲ್ಲಿ ಸತ್ತವರ ಕೊಳವೆಯನ್ನು ಮೂವತ್ತನೆಯ ದಿನ ಇಳಿಸುತ್ತಾರೆ. ಕೆಳತುದಿಗೆ ಬೆಣೆ ಬಡಿದು, ನೀರು ತುಂಬಿಸಿ, ಮಧ್ಯಾಹ್ನದವರೆಗೆ ಗೋಡೆಗೆ ಒರಗಿಸಿಟ್ಟು, ಆಮೇಲೆ ಆ ನೀರನ್ನು ಹೆಂಡತಿಯೋ ಮಕ್ಕಳೋ ಒಂದು ಗಿಡದ ಬುಡಕ್ಕೆ ಹಾಕಬೇಕು. ಭಾವನ ಕೊಳವೆಯನ್ನು ನಾನೇ ಇಳಿಸಿದೆ. ಹತ್ತು ಗೇಣಿನದು, ಬಾಗಿಲಲ್ಲಿ ತಿರುಗಿಸುವಾಗ ಗೋಡೆಗೆ ತಾಗಿತು. ಗಿಡ ಇರುವುದು ಹಿತ್ತಲ ಕೊನೆಯಲ್ಲಿ, ಅಕ್ಕನಿಗೆ ಅಲ್ಲಿಯವರೆಗೆ ನಡೆಯಲಾಗುತ್ತಿರಲಿಲ್ಲ.

"ಯಾವುದಾದ್ರೂ ಪಾತ್ರೆಗೆ ಬಗ್ಗಿಸು. ನಾನು ಮುಟ್ಟಿ ಕೊಡ್ತೀನಿ, ನೀನು ಹಾಕಿ ಬಾ" ಎಂದಳು.

ಅಡುಗೆ ಪಾತ್ರೆಗಳೆಲ್ಲ ಮೇಲೆ ಒಲೆಯ ಹತ್ತಿರ ಇದ್ದವು, ಬಿಂದಿಗೆಗಳಲ್ಲಿ ಕುಡಿಯುವ ನೀರಿತ್ತು. ಕೈಗೆ ಸಿಕ್ಕಿದ್ದು ಅಕ್ಕಿ ಅಳೆಯುವ ಪಾವು. ಕೊಳವೆ ಬಗ್ಗಿಸಿದೆ. ಪಾವು ತುಂಬಿತು. ಗಿಡಕ್ಕೆ ಹಾಕಿ ಬಂದೆ. ಮತ್ತೆ ತುಂಬಿತು. ಹಾಕಿ ಬಂದೆ. ಮೂರನೆಯ ಸಲ ಅರ್ಧ ಪಾವು ಬಂದು ನಿಂತಿತು. ಎರಡೂವರೆ ಪಾವು.

ಆ ಅರ್ಧ ತುಂಬಿದ ಪಾವನ್ನು ಹಿಡಿದುಕೊಂಡು ನಾನು ಹಿತ್ತಲ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಮೂವತ್ತೊಂದು ವರ್ಷ ನಾನು ಕೊಳವೆಯ ಉದ್ದ ಅಳೆದಿದ್ದೇನೆ. ಅದರ ಹೊಟ್ಟೆಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ನಾವು ಬಿಟ್ಟ ಉಸಿರು ಪೂರ್ತಿ ಮೇಲೆ ಹೋಗಿ ಗಾಳಿಗೆ ಸೇರುತ್ತದೆ ಎಂದುಕೊಂಡಿದ್ದೆವು. ಅದರ ಬಾಲ ಕೊಳವೆಯೊಳಗೇ ಉಳಿಯುತ್ತದೆ. ಮತ್ತೆ ಎಳೆದಾಗ ಮೊದಲು ಬರುವುದು ಅದೇ ಬಾಲ, ನಮ್ಮದೇ ಎಂಜಲು ಉಸಿರು. ಅದು ಮುಗಿದ ಮೇಲೆ ಮಾತ್ರ ಮೇಲಿನ ಗಾಳಿ. ಭಾವನ ಕೊಳವೆಯಲ್ಲಿ ಆ ಎಂಜಲು ಎರಡೂವರೆ ಪಾವು. ಗಂಟಲಿನಲ್ಲಿ ಉಳಿಯುವುದು ಒಂದರ್ಧ ಪಾವು ಅಂತ ಇಟ್ಟುಕೊಂಡರೆ ಮೂರು.

ಭಾವನದು ಮೊದಲು ಸೇರು ಉಸಿರು, ಅಂದರೆ ನಾಲ್ಕು ಪಾವು. ಕೊನೆಯ ದಿನಗಳಲ್ಲಿ ಮೂರಾದರೂ ಇತ್ತೋ ಇಲ್ಲವೋ. ಮೂರು ಎಳೆದು ಮೂರೂ ತನ್ನದೇ ಹಳೆಯದು. ನಾನು ಅಲ್ಲಿ ಯೋಚನೆ ನಿಲ್ಲಿಸಿದೆ. ಒಳಗೆ ಅಕ್ಕ ತೂಕಡಿಸುತ್ತಿದ್ದಳು, ಸತ್ತವರ ಲೆಕ್ಕ ಆಮೇಲೆ ನೋಡಿದರಾಯಿತು.

ಅಗಲ ಬಾಯಿಯ ಮಣ್ಣಿನ ಬಾನಿಗೆ ನೀರು ತುಂಬಿಸಿ, ತುಂಬಿದ ಬಿಂದಿಗೆಯೊಂದನ್ನು ಅದರಲ್ಲಿ ಬೋರಲು ಹಾಕಿದೆ. ಒಂದು ಚರ್ಮದ ನಳಿಕೆಯ ತುದಿಯನ್ನು ಬಿಂದಿಗೆಯ ಬಾಯಿಯೊಳಕ್ಕೆ ತೂರಿಸಿ ಇನ್ನೊಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟೆ.

"ಏನೇ ಇದು ಹೊಸ ಆಟ?" ಎಂದಳು ಅಕ್ಕ. ಪ್ರತಿ ಪದಕ್ಕೂ ಒಂದು ಉಸಿರು.

"ಬಟ್ಟಲು ಸರಿಸಿ ಇದರೊಳಕ್ಕೆ ಒಂದೇ ಒಂದು ಉಸಿರು ಬಿಡು. ಈಗ ಆಡ್ತಿದೀಯಲ್ಲ, ಅಷ್ಟೇ. ಜಾಸ್ತಿ ಬೇಡ."

"ಕಮಿಟಿಯವ್ರಿಗೆ ಗೊತ್ತಾದ್ರೆ?"

"ಬಿಂದಿಗೆಯೊಳಗೆ ಬಿಟ್ಟಿದ್ದು ಬೀದಿಗೆ ಬಿಟ್ಟ ಹಾಗಲ್ಲ. ಊದು ಸುಮ್ನೆ."

ಊದಿದಳು. ಗುಳುಗುಳು ಎಂದು ನೀರು ಕೆಳಗಿಳಿಯಿತು. ಬಿಂದಿಗೆಯ ಬಾಯಿಗೆ ಅಂಗೈ ಒತ್ತಿ ನೆಟ್ಟಗೆ ತಿರುಗಿಸಿ, ಮತ್ತೆ ತುಂಬಲು ಎಷ್ಟು ಪಾವು ನೀರು ಬೇಕಾಯಿತು ಎಂದು ನೋಡಿದೆ. ಮೂರು. ಅವಳ ಒಂಬತ್ತು ಗೇಣಿನ ಕೊಳವೆಯಲ್ಲಿ ಹಿಡಿಯುವುದು ಎರಡೂಕಾಲು, ಗಂಟಲಲ್ಲಿ ಅರ್ಧ. ಉಳಿದದ್ದು ಕಾಲು ಪಾವು. ನನ್ನ ಅಕ್ಕ ಒಂದೊಂದು ಉಸಿರಿಗೆ ಕಾಲು ಪಾವು ಗಾಳಿಯ ಮೇಲೆ ಜೀವ ಹಿಡಿದುಕೊಂಡು ಕೂತಿದ್ದಳು. ಸಾಲದ್ದಕ್ಕೆ ಬೇಗ ಬೇಗ ಆಡುತ್ತಿದ್ದಳು, ಬೇಗ ಆಡಿದಷ್ಟೂ ಉಸಿರು ಗಿಡ್ಡ, ಗಿಡ್ಡವಾದಷ್ಟೂ ಎಂಜಲೇ ಬಾಯಿಗೆ. ಇನ್ನೊಂದು ಗೇಣು ಸೇರಿಸಿದ್ದರೆ ಮುಗಿದೇ ಹೋಗುತ್ತಿತ್ತು. ಅದಕ್ಕೆ ಬೇಕಾದ ತುಂಡನ್ನು ಆ ದಿನ ಬೆಳಿಗ್ಗೆಯೇ ಕುಯ್ದು ಜೋಳಿಗೆಯಲ್ಲಿ ಇಟ್ಟುಕೊಂಡಿದ್ದೆ.

ಏಣಿ ಹಾಕಿ ಛಾವಣಿಗೆ ಹೋದೆ. ಕೋಲಿನ ತುದಿಗೆ ದೀಪ ಕಟ್ಟಿ ಭಾರದ ಗಾಳಿ ಎಲ್ಲಿಯವರೆಗೆ ಬಂದಿದೆ ಎಂದು ನೋಡಿದೆ. ಹಳೆಯ ಆರು ಗೇಣಿನ ತುದಿಯ ಹತ್ತಿರವೂ ದೀಪ ಚೆನ್ನಾಗಿಯೇ ಉರಿಯಿತು. ಮೂರು ತುಂಡೂ ದಂಡಕ್ಕೆ ಹಾಕಿದ್ದು. ಮೇಣ ಒಡೆದು ಮೂರನ್ನೂ ಕಿತ್ತು ಹಿತ್ತಲಿಗೆ ಎಸೆದೆ. ಬಿಸಿಲಿಗೆ ಬಿದಿರು ಕಾದಿತ್ತು, ಅದೂ ಒಳ್ಳೆಯದಾಯಿತು. ಚಳಿಯ ಬೆಳಗಿನಲ್ಲಿ ಬಿಟ್ಟ ಉಸಿರು ತಣ್ಣಗೆ ಭಾರವಾಗಿ ಕೊಳವೆಯ ಬುಡಕ್ಕೇ ಜಾರಿ ಕೂರುತ್ತದೆ. ಬಿದಿರು ಬಿಸಿಯಾದರೆ ಅದು ಹಗುರಾಗಿ ಮೇಲಕ್ಕೆ ಏಳುತ್ತದೆ, ಮೇಲಿನದು ಅಷ್ಟಿಷ್ಟು ಕೆಳಗಿಳಿದು ಬೆರೆಯುತ್ತದೆ. ಮಧ್ಯಾಹ್ನ ನಮಗೆಲ್ಲ ಯಾಕೆ ಮೈ ಹಗುರ ಅನಿಸುತ್ತದೆ ಎಂದು ಆಗ ಅರ್ಥವಾಯಿತು. ಎಳೆದು ನಾಲ್ಕು ಎಣಿಸಿ ನಿಲ್ಲಿಸು ಎಂದು ನಾನು ಪಾಠ ಹೇಳುತ್ತಿದ್ದುದರ ಅರ್ಥವೂ ಆವತ್ತೇ ಗೊತ್ತಾಗಿದ್ದು. ನಿಲ್ಲಿಸಿದಾಗ ಒಳ್ಳೆಯ ಗಾಳಿ ಒಳಗೊಳಗೆ ಇಳಿಯಲು ಹೊತ್ತು ಸಿಗುತ್ತದೆ. ನನಗೆ ನನ್ನ ಗುರು ಹೇಳಿಕೊಟ್ಟಿದ್ದರು, ನಾನು ಗಿಣಿಪಾಠ ಒಪ್ಪಿಸುತ್ತಾ ಬಂದಿದ್ದೆ.

ಇಳಿದು ಬಂದಾಗ ಅಕ್ಕ ಕಣ್ಣು ಬಿಟ್ಟು ನೋಡುತ್ತಿದ್ದಳು. ಒಂದು ಉಸಿರು ಎಳೆದಳು. ಎದೆ ಪೂರ್ತಿ ಎದ್ದಿತು. ಇನ್ನೊಂದು ಎಳೆದಳು. ತುಟಿಯ ಬಣ್ಣ ನಾನು ನೋಡುತ್ತಿದ್ದ ಹಾಗೇ ತಿಳಿಯಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಏಣಿ ಹೆಗಲಲ್ಲಿರುವುದೇ ಮರೆತು ಅವಳ ಪಕ್ಕ ಕೂರಲು ಹೋಗಿ ಗೋಡೆಗೆ ಗುದ್ದಿಕೊಂಡೆ.

ಆದರೆ ಇದೊಂದನ್ನು ನಾನು ಎಣಿಸಿರಲಿಲ್ಲ. ಉಸಿರು ಬಂದ ಕೂಡಲೇ ಅಳುವೂ ಬಂತು. ತಿಂಗಳಿಡೀ ಅಳಲು ಬೇಕಾದಷ್ಟು ಉಸಿರೇ ಅವಳಲ್ಲಿರಲಿಲ್ಲ, ಈಗ ಇತ್ತು. ಮೊದಲು ಗಲ್ಲ ನಡುಗಿತು, ಆಮೇಲೆ ಒಂದು ಬಿಕ್ಕು, ಅದರ ಹಿಂದೆಯೇ ಇನ್ನೊಂದು. "ನೋಡೇ, ಅವ್ರು ಸೂಜಿ ಎಲ್ಲಾ…" ಎಂದಳು, ಮುಂದೆ ಮಾತು ಬರಲಿಲ್ಲ.

"ಅಕ್ಕ, ಎಳೆ, ನಿಲ್ಲಿಸು, ಬಿಡು" ಎಂದೆ. ಬಾಯಿಗೆ ಬಂದದ್ದು ಅದೇ. "ಎಳೆ, ನಿಲ್ಲಿಸು. ಅಕ್ಕ, ನಿಲ್ಲಿಸು."

ಗಂಡ ಸತ್ತ ಹೆಂಗಸಿಗೆ ನಾಲ್ಕು ಎಣಿಸಿ ಅಳು ಅಂದರೆ ಆಗುತ್ತದೆಯೇ. ಬಿಕ್ಕುಗಳು ಒಂದರ ಮೇಲೊಂದು ಬರುತ್ತಿದ್ದವು, ಒಂದೊಂದೂ ಒಂದು ಪಾವು ಇದ್ದೀತೋ ಇಲ್ಲವೋ. ಆರು ಗೇಣಿನ ಕೊಳವೆಗೂ ಅದು ಸಾಲದು. ಬಿಟ್ಟ ಉಸಿರು ಅರ್ಧ ಕೊಳವೆಗೆ ಹೋಗಿ ಅಲ್ಲಿಂದಲೇ ಹಿಂದಿರುಗುತ್ತಿತ್ತು. ತುಟಿ ಮತ್ತೆ ನೇರಳೆಯಾಯಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈ ನನ್ನ ಸೆರಗನ್ನು ಹಿಡಿದುಕೊಂಡಿತ್ತು, ಆ ಹಿಡಿತ ಸಡಿಲವಾಗುವುದು ನನಗೆ ಗೊತ್ತಾಯಿತು.

ನಾನು ಬಟ್ಟಲಿಗೆ ಕೈ ಹಾಕಿದೆ.

ಎಳೆದುಕೊಳ್ಳುವಾಗ ಬಟ್ಟಲನ್ನು ಅವಳ ಮುಖಕ್ಕೆ ಒತ್ತಿ ಹಿಡಿದೆ, ಬಿಡುವಾಗ ಎತ್ತಿದೆ. ಒತ್ತಿದೆ, ಎತ್ತಿದೆ. ಮೇಲಿನ ಗಾಳಿ ಒಳಕ್ಕೆ, ಎಂಜಲು ಉಸಿರು ಮನೆಯೊಳಕ್ಕೆ, ಬೀದಿಗೆ. ಹೀಗೆ ಮಾಡಿದರೆ ಕೊಳವೆಯಲ್ಲಿ ಸದಾ ಒಳ್ಳೆಯ ಗಾಳಿಯೇ ನಿಂತಿರುತ್ತದೆ, ಎಷ್ಟು ಗಿಡ್ಡ ಬಿಕ್ಕಾದರೂ ಅದಕ್ಕೊಂದು ಪಾಲು ಸಿಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನೇ ಮಾಡಿತು. ಕಟ್ಟಳೆ ಮುರಿಯುತ್ತಿದ್ದೇನೆ ಎಂದು ತಲೆಗೆ ಬಂತು, ಬಂದು ಹೋಯಿತು. ಅಕ್ಕ ಬಟ್ಟಲಿನ ಹೊರಗೆ ಬಾಯಿ ತೆರೆದಾಗ ಬಂದ ಶಬ್ದ ಛಾವಣಿಯಿಂದ ಬರಲಿಲ್ಲ, ನನ್ನ ಎದುರಿನಿಂದ ಬಂತು. ಅಕ್ಕನ ದನಿ ಅವಳ ಬಾಯಿಂದಲೇ ಬಂದದ್ದನ್ನು ನಾನು ಆ ಮನೆಯಲ್ಲಿ ಮೊದಲ ಸಲ ಕೇಳಿದೆ. ಒಡೆದ, ಒರಟು ದನಿ. ಒಂದು ಗಂಟೆ ಅತ್ತಳೋ, ಎರಡು ಗಂಟೆಯೋ. ನನ್ನ ರಟ್ಟೆ ಬಿದ್ದುಹೋಯಿತು. ಬಾವಿಗೆ ಹೊರಟಿದ್ದ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ ಮುಂದೆ ಹೋದರು.

ಮಾರನೆಯ ದಿನ ಬೆಳಿಗ್ಗೆ ದೀಪದ ಪರಮೇಶಿ ಬಂದ. ದಿನಾ ಕೋಲಿನ ತುದಿಯ ದೀಪ ಹಿಡಿದು ಬೀದಿ ಸುತ್ತಿ, ಭಾರದ ಗಾಳಿ ಎಷ್ಟು ಏರಿದೆ ಎಂದು ಮೂಲೆಗಲ್ಲಿನ ಗುರುತಿಗೆ ಹೋಲಿಸಿ ಕಮಿಟಿಗೆ ಹೇಳುವವನು ಅವನೇ. ನಾವಿಬ್ಬರೂ ಗಂಟುಮೂಟೆ ಕಟ್ಟಿ ಕೂತಿದ್ದೆವು. ಎರಡು ಸೀರೆ ಗಂಟು, ಭಾವನ ಸೂಜಿಗಳು, ಪಾವು.

"ಜಲಜಕ್ಕ, ನಿನ್ನೆ ಯಾರದೋ ದನಿ ಕೆಳಗೆ ಕೇಳಿಸ್ತಂತೆ" ಎಂದ, ಬಾಗಿಲಾಚೆಯಿಂದಲೇ.

"ನನ್ದೇ ಕಣಪ್ಪ" ಎಂದಳು ಅಕ್ಕ. "ಅತ್ಬಿಟ್ಟೆ. ನಿಮ್ಮಣ್ಣ ಹೋದ್ರಲ್ಲ, ಅದಕ್ಕೆ."

ಭಾವ ಪರಮೇಶಿಯ ಮದುವೆಯ ಹಾಸಿಗೆ ಹೊಲಿದುಕೊಟ್ಟಿದ್ದರು. ಅವನು ಕೋಲು ಎತ್ತಿ ನಮ್ಮ ಸೂರಿನಂಚಿಗೆ ದೀಪ ಹಿಡಿದ. ನಿಧಾನ ಇಳಿಸಿದ. ದೀಪ ಎಲ್ಲಿ ಆರಿತೋ ಅಲ್ಲಿ ಹೆಬ್ಬೆರಳಿಟ್ಟು ನೋಡಿದ. ಮೂಲೆಗಲ್ಲಿಗೆ ಹೋಗಿ ಅಲ್ಲಿನ ಗುರುತಿಗೆ ಹೋಲಿಸಿ ನೋಡಿ ಬಂದ.

"ನಿನ್ನೆ ಎಲ್ಲಿತ್ತೋ ಅಲ್ಲೇ ಐತೆ" ಎಂದ. "ಎರಡು ಗಂಟೆ ಅತ್ತಿದ್ದಕ್ಕೆ ಒಂದು ಕೂದಲೆಳೆನಾದ್ರೂ ಏರ್ಬೇಕಿತ್ತು. ನಾನು ಏನಿತ್ತೋ ಅದನ್ನೇ ಹೇಳ್ತೀನಿ." ಹೊರಟವನು ತಿರುಗಿ ನಿಂತ. "ಜಲಜಕ್ಕ, ನಮ್ಮವ್ವಂಗೂ ಹೋದ ತಿಂಗ್ಳು ಎರಡು ಗೇಣು ಹಾಕಿದ್ರಿ. ಅವ್ವ ಯಾಕೋ ಮಂಕಾಗವ್ಳೆ."

"ಈಗ್ಲೇ ಬರ್ತೀನಿ ನಡಿ" ಎಂದು ಏಣಿ ಎತ್ತಿಕೊಂಡೆ.

ಗಂಟು ಬಿಚ್ಚಲು ಎರಡು ದಿನ ಧೈರ್ಯ ಬರಲಿಲ್ಲ. ಕಮಿಟಿಯಿಂದ ಯಾರೂ ಬರಲಿಲ್ಲ. ಆ ತಿಂಗಳೆಲ್ಲ ನಾನು ಕೆಳಬೀದಿಯ ನಲವತ್ತು ಮನೆ ತಿರುಗಿದೆ. ಪಾವು, ಬಿಂದಿಗೆ, ನಳಿಕೆ ಹೊತ್ತುಕೊಂಡು ಹೋಗಿ ಊದಿಸಿ, ಹೆಚ್ಚಿನ ಗೇಣುಗಳನ್ನು ಕಿತ್ತೆ. ಜನ ಸುಮ್ಮನೆ ಕೀಳಿಸಿಕೊಳ್ಳಲಿಲ್ಲ. ಉದ್ದ ಕೊಳವೆ ಅಂದರೆ ಮನೆಗೆ ಒಂದು ಮರ್ಯಾದೆ ಅನ್ನಿಸಿಬಿಟ್ಟಿತ್ತು. "ಹಾಕ್ಕೊ ಹಾಕ್ಕೊ ಅಂತ ಹಾಕಿದೋಳೂ ನೀನೇ, ಈಗ ಕಿತ್ಕೊಳ್ಳೋಳೂ ನೀನೇ, ನಿನಗೇನು ಬುದ್ಧಿ ಐತಾ" ಎಂದು ಬಾವಿಕಟ್ಟೆಯ ಎದುರು ಮನೆಯ ಸಿದ್ದಮ್ಮ ಉಸಿರು ತೆಗೆದುಕೊಂಡು ತೆಗೆದುಕೊಂಡು ಬೈದಳು. ನಾನು ಅವಳು ಮುಗಿಸುವವರೆಗೆ ಕಾದು, ಏಣಿ ಹತ್ತಿ ಕಿತ್ತೆ. ಬೈಸಿಕೊಳ್ಳುವುದು ನ್ಯಾಯವೇ ಆಗಿತ್ತು. ಪ್ರತಿ ಮನೆಯಲ್ಲೂ ಕಿತ್ತ ತುಂಡು ಕೈಯಲ್ಲಿ ಹಿಡಿದಾಗ, ಈ ಮೂವತ್ತೊಂದು ವರ್ಷದಲ್ಲಿ ಉಸಿರು ಸಾಲದೆ ಹೋದವರ ಹೆಸರುಗಳು ಬಾಯಿಗೆ ಬರುತ್ತಿದ್ದವು. ರಾತ್ರಿ ನಿದ್ದೆ ಕೆಟ್ಟಿತು, ಊಟ ಸೇರದಾಯಿತು. ಅಕ್ಕನ ಮುಂದೆ ಮಾತ್ರ ನಾನು ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ.

ಅವಳು ದಿನೇ ದಿನೇ ಚೇತರಿಸಿಕೊಂಡಳು. ಭಾವನ ಸೂಜಿ ಹಿಡಿದು ಕೂತು, ಅರ್ಧಕ್ಕೆ ನಿಂತಿದ್ದ ಒಂದು ಹಾಸಿಗೆಯನ್ನು ಹೊಲಿಯಲು ಶುರು ಮಾಡಿದಳು. ಅವಳಿಗೆ ಒಂದಲ್ಲ ಒಂದು ದಿನ ತಾನೇ ಹೊಳೆಯುತ್ತದೆ ಎಂದು ನನಗೆ ಗೊತ್ತಿತ್ತು. ದಡ್ಡಿ ಅಲ್ಲ ಅವಳು, ಪಾವು ಪಾವಾಗಿ ನೀರು ಇಳಿದದ್ದನ್ನು ಕೂತು ನೋಡಿದವಳು. ನಾನು ಮನೆಗೆ ತಡವಾಗಿ ಬರಲು ಶುರು ಮಾಡಿದೆ. ಬಂದವಳು ಬೇಗ ಮಲಗುತ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಕ್ಕ ತುತ್ತು ಕಲಸುತ್ತಾ, ತಲೆ ಎತ್ತದೆ ಕೇಳಿದಳು.

"ನಿಮ್ಮ ಭಾವಂದು ಮೊದ್ಲು ಎಷ್ಟು ಗೇಣಿತ್ತು?"

"ಆರು."

"ಇಳಿಸ್ದಾಗ?"

"ಹತ್ತು."

ಅಕ್ಕ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. ನಾನು ಉಸಿರು ಕಟ್ಟಿಕೊಂಡು ಕೂತೆ. ಅವಳು ಬೈಯಲಿ, ತಟ್ಟೆ ಎಸೆಯಲಿ, ಮನೆ ಬಿಟ್ಟು ಹೋಗು ಅನ್ನಲಿ, ಎಲ್ಲಕ್ಕೂ ತಯಾರಾಗಿದ್ದೆ. ನನಗೆ ಅದೇ ಬೇಕಾಗಿತ್ತು ಅಂತ ಕಾಣುತ್ತದೆ.

"ನಾನೇ ಅಕ್ಕ. ನಾಲ್ಕೂ ನಾನೇ ಹಾಕಿದ್ದು" ಎಂದೆ. "ಅವ್ರು ಪ್ರತಿ ಸಲ ಸಾಲ್ತಿಲ್ಲ ಅಂದ್ರು, ಪ್ರತಿ ಸಲ ಹಾಕ್ದೆ. ಕೊನೇದನ್ನ ಅವ್ರು ಬೇಡ ಅಂದಿದ್ರು. ಭಾರ ಆಗ್ತಿದೆ ಜಲಜ, ಬೇಡ ಅಂದ್ರು. ಸುಮ್ನಿರಿ ಭಾವ, ನಿಮಗೇನು ಗೊತ್ತು ಅಂತ ಹಾಕ್ಬಿಟ್ಟೆ."

ಮಾತು ಛಾವಣಿಯ ಮೇಲೆ ಹೋಗಿ ಬೀದಿಗೆಲ್ಲ ಕೇಳಿಸಿರಬೇಕು. ಕೇಳಿಸಲಿ ಎನಿಸಿತು. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಒಂದು ಉಸಿರು ಎಳೆದಳು, ನಿಲ್ಲಿಸಿದಳು, ಬಿಟ್ಟಳು.

"ಗೊತ್ತು" ಎಂದಳು. "ಆವತ್ತಿನ್ನೂ ನನ್ನ ಮಂಡಿ ನಿಲ್ಲೋಕಾಗದಷ್ಟು ಊದಿರ್ಲಿಲ್ಲ. ಅವ್ರು ಬೇಡ ಅಂದಿದ್ದು ನನಗೂ ಕೇಳಿಸ್ತು. ಏಣಿ ಅಲ್ಲಾಡ್ತಿದೆ, ಹಿಡ್ಕೊ ಅಂದೆ ನೀನು. ನಾನೇ ಹಿಡ್ಕೊಂಡಿದ್ದೆ, ಜಲಜ."

ಆಮೇಲೆ ಇಬ್ಬರೂ ಆರಿದ ಅನ್ನ ಉಂಡೆವು.